ಗೋಡೆಯ ಮೇಲಿನ ಜೋಡಿ ಅಕ್ಷರಗಳು

"ಮಗು ಬೇಕಂತಲೇ ಹೀಗೆ ಮಾಡ್ತದಾ, ಅಲ್ಲ ಅದರ ತಲೆಯಲ್ಲೇ ಎಂತಾದ್ರೂ ತೊಂದರೆ ಉಂಟಾ, ಅದನ್ನು ನೀವು ಮೊದಲು ನೋಡಿ ಹೇಳ್ಬೇಕು. ಪಾಠ ಆಮೇಲೆ."

ಕೊಟ್ಟಾರದ ಆ ಮನೆಯ ಯಜಮಾನರು ನನ್ನನ್ನು ಪಾಠಕ್ಕೆ ಗೊತ್ತು ಮಾಡಿಕೊಂಡ ದಿನ ಹೇಳಿದ ಮೊದಲ ಮಾತು ಇದು. ನನಗಾಗ ಹತ್ತೊಂಬತ್ತು ವರ್ಷ. ಮೂವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಕಾವೂರಿನಲ್ಲಿ, ತಂದೆ ಅಲ್ಲೇ ಒಂದು ಸಣ್ಣ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದರು. ನಾನು ಹೈಸ್ಕೂಲು ಮುಗಿಸಿ, ಮಾಷ್ಟ್ರ ಟ್ರೈನಿಂಗಿಗೆ ಅರ್ಜಿ ಹಾಕಿ, ಆ ವರ್ಷ ಸೀಟು ಸಿಗದೆ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಮಗುವಿಗೆ ಮನೆಪಾಠ ಹೇಳುವವರು ಬೇಕು ಎಂದು ದೇವಸ್ಥಾನಕ್ಕೆ ಬಂದವರೊಬ್ಬರು ಹೇಳಿದಾಗ ತಂದೆ ಮರುದಿನವೇ ಕಳಿಸಿದರು.

ಯಜಮಾನರದು ಬಂದರಿನಲ್ಲಿ ಮರದ ವ್ಯಾಪಾರ. ಮೂಲ ಮನೆ, ಗದ್ದೆ ಎಲ್ಲ ಕಾಟಿಪಳ್ಳದ ಕಡೆ. ಕೊಟ್ಟಾರದ ಮನೆಯಲ್ಲಿ ಅವರ ತಾಯಿ, ತಂಗಿ ಮತ್ತು ತಂಗಿಯ ಏಳು ವರ್ಷದ ಮಗಳು ಇದ್ದರು. ಮಗುವಿನ ತಂದೆ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದರು. ಅವರ ಕ್ರಮದಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಅವರ ವಿಷಯದಲ್ಲಿ ಸೋದರಮಾವನ ಮಾತೇ ಕೊನೆ. ಆದ್ದರಿಂದ ಆ ಹುಡುಗಿಯ ಅಕ್ಷರದ ಚಿಂತೆ ಮಾವನ ತಲೆಗೆ ಬಂದಿತ್ತು.

ಮಗು ಎರಡು ವರ್ಷ ಹೆಣ್ಣುಮಕ್ಕಳ ಶಾಲೆಗೆ ಹೋಗಿ ಒಂದನೇ ಕ್ಲಾಸು ದಾಟಿರಲಿಲ್ಲ. ಬಾಯಲ್ಲಿ ಕೇಳಿದರೆ ಎಲ್ಲ ಬರುತ್ತದೆ, ಬರೆಯಲು ಹೇಳಿದರೆ ಹಟಕ್ಕೆ ತಿರುಗಿಸಿ ಬರೆಯುತ್ತಾಳೆ ಎಂದು ಅಲ್ಲಿಯ ಟೀಚರಮ್ಮ ಹೇಳಿ ಕಳಿಸಿದ್ದರಂತೆ. ಆ ಮಾತು ನನ್ನ ಕಿವಿಗೆ ಬಿದ್ದಾಗಲೇ ನಾನು ಅರ್ಧ ತೀರ್ಮಾನ ಮಾಡಿಯಾಗಿತ್ತು. ಪೂಜೆಗೆ ಬಂದವರು ಹೊಸ ಜರಿ ಪಂಚೆ ಉಟ್ಟಿದ್ದರೆ ಎಲ್ಲಿಂದ ಬಂತು ಎಂದು ಯೋಚಿಸುವ ಜನ ನಾವು. ಸಂಶಯ ನನಗೆ ಕಲಿತು ಬಂದದ್ದಲ್ಲ.

ಮೊದಲ ದಿನ ಚಾವಡಿಯಲ್ಲಿ ಚಾಪೆ ಹಾಸಿ ಕೂತೆವು. ನಾನು ಅವರ ಮನೆಯ ಅಡುಗೆ ಉಣ್ಣದ ಕಾರಣ ಮಗುವಿನ ತಾಯಿ ಎಳನೀರಿಗೆಂದು ಒಂದು ಬೊಂಡ ಕೆತ್ತಿಸಿ ಇಟ್ಟು ಒಳಗೆ ಹೋದರು. ಮಗುವಿನದು ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಸಣ್ಣ ಕೆನ್ನೆ, ದೊಡ್ಡ ಕಣ್ಣು. ಆ ಕಣ್ಣು ಸ್ಲೇಟಿನ ಮೇಲೆ ಇರಲಿಲ್ಲ, ನನ್ನ ಮುಖದ ಮೇಲೆ ಇತ್ತು. ಅಕ್ಷರಮಾಲೆ ಹೇಳು ಎಂದೆ, ತಡೆಯಿಲ್ಲದೆ ಹೇಳಿದಳು. ಮಗ್ಗಿ ಹೇಳು ಎಂದೆ, ಹನ್ನೆರಡರವರೆಗೆ ಹೇಳಿದಳು. ಮನೆಯಲ್ಲಿ ಆಡುವ ಮಾತು ತುಳು, ಪುಸ್ತಕದ್ದು ಕನ್ನಡ, ಆದರೂ ಒಂದನೇ ಪುಸ್ತಕವನ್ನು ತೆರೆದು ಮೊದಲ ಪಾಠದಿಂದ ಕೊನೆಯ ಪಾಠದವರೆಗೆ ಗಡಗಡ ಓದಿದಳು.

ಆಮೇಲೆ ಬರೆಯಲು ಹೇಳಿದೆ. 'ಸರ' ಎಂದರೆ 'ರಸ' ಬಂತು. ಹದಿನೇಳು ಎಪ್ಪತ್ತೊಂದಾಯಿತು. ಆರು ಬರೆ ಎಂದರೆ ಒಂಬತ್ತಿನ ಹಾಗೆ ಒಂದು ಆಕಾರ. ಬಲಗಡೆ ಹಾಕಬೇಕಾದ ಕೊಂಬನ್ನು ಎಡಗಡೆ ಹಾಕಿದಳು. ಕೆಲವು ಅಕ್ಷರಗಳಂತೂ ಹೊಳೆಯ ನೀರಿನಲ್ಲಿ ಕಂಡ ನೆರಳಿನ ಹಾಗೆ ಪೂರಾ ತಿರುಗಿ ನಿಂತಿದ್ದವು.

ಅಕ್ಷರವೇ ತಿಳಿಯದ ಮಗುವಾಗಿದ್ದರೆ ನನಗೆ ಸಂಶಯ ಬರುತ್ತಿರಲಿಲ್ಲ. ಇವಳು ಇವತ್ತು ತಿರುಗಿಸಿ ಬರೆದದ್ದನ್ನು ನಾಳೆ ಸರಿಯಾಗಿ ಬರೆಯುತ್ತಿದ್ದಳು, ನಾಡಿದ್ದು ಮತ್ತೆ ತಿರುಗಿಸುತ್ತಿದ್ದಳು. ಒಂದೇ ಸಾಲಿನಲ್ಲಿ ಒಂದು ಆರು ಈ ಕಡೆಗೆ, ಮತ್ತೊಂದು ಆ ಕಡೆಗೆ. ಸರಿ ಬರೆಯಲು ಬರುತ್ತದೆ ಎಂದಮೇಲೆ ತಪ್ಪು ಬರೆಯುವುದು ಯಾಕೆ? ಅದಕ್ಕೆ ತಕ್ಕಂತೆ ಆ ಕಳ್ಳನೋಟ. ಕಡ್ಡಿ ಸ್ಲೇಟಿನ ಮೇಲೆ ಓಡುವಾಗಲೂ ಕಣ್ಣು ಓರೆಯಾಗಿ ನನ್ನ ಕಡೆಗೆ. ನಾನು ನೋಡಿದರೆ ಥಟ್ಟನೆ ಕೆಳಗೆ.

ನಾನು ಉಪಾಯ ಹೂಡತೊಡಗಿದೆ. ಸರಿ ಬರೆದ ಶಬ್ದವನ್ನೇ ಅರ್ಧ ಗಂಟೆ ಬಿಟ್ಟು ಬೇರೆ ಮಾತಿನ ನಡುವೆ ಮತ್ತೆ ಹೇಳುತ್ತಿದ್ದೆ. ಹೊರಗೆ ಹೋಗುವ ಹಾಗೆ ಮಾಡಿ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮೂರು ವಾರ ಹೀಗೆ ಕಳೆದಮೇಲೆ ಯಜಮಾನರು ಕೇಳಿದರು.

"ಎಂತ ಕಂಡಿತು ಮಾಷ್ಟ್ರೆ?"

"ಬೇಕಂತಲೇ ಅಂತ ಕಾಣ್ತದೆ," ಎಂದೆ. "ಬುದ್ಧಿ ಚುರುಕು ಉಂಟು. ನಮ್ಮನ್ನು ಆಟ ಆಡಿಸ್ತಾಳೆ."

ಅವರು ತಲೆ ಅಲ್ಲಾಡಿಸಿದರು. ಅಷ್ಟೇ. ಮರುದಿನ ಬೆಳಿಗ್ಗೆ ಮಗು ಚಾಪೆಯ ಮೇಲೆ ಕೂರುವಾಗ ಲಂಗ ಸ್ವಲ್ಪ ಸರಿಯಿತು. ಮೀನಖಂಡದ ಮೇಲೆ ಹಿಡಿಸೂಡಿ ಪೊರಕೆಯ ಕಡ್ಡಿಯ ಕೆಂಪು ಗೆರೆಗಳು. ಹೊಡೆದದ್ದು ತಾಯಿ. ಆ ಗೆರೆಗಳನ್ನು ನೋಡಿ ನನಗೆ ಕರುಣೆ ಬಂತು ಎಂದು ಬರೆಯಬಹುದಿತ್ತು. ಆದರೆ ಆ ಹೊತ್ತಿಗೆ ಬಂದದ್ದು, ಇನ್ನು ಸರಿಯಾಗುತ್ತಾಳೆ ಎಂಬ ಸಮಾಧಾನ.

ಸರಿಯಾಗಲಿಲ್ಲ. ಒಂದು ದಿನ ನಾನು ಇನ್ನೊಂದು ಬಲೆ ಬೀಸಿದೆ. ಎರಡನೇ ಪುಸ್ತಕದ ಒಂದು ಪಾಠವನ್ನು ನಾನೇ ಮೊದಲು ಓದಿ ಹೇಳಿದೆ. 'ಹಸು ಹುಲ್ಲು ತಿನ್ನುತ್ತದೆ' ಎಂದು ಇದ್ದಲ್ಲಿ 'ಹಸು ಹುಲ್ಲು ತಿಂದು ಹೊಳೆಗೆ ಹೋಗುತ್ತದೆ' ಎಂದು ಸೇರಿಸಿ ಓದಿದೆ. ಮರುದಿನ ಅವಳು ಅಕ್ಷರದ ಕೆಳಗೆ ಬೆರಳಿಟ್ಟು, ಬೆರಳನ್ನು ಒಂದೇ ಸಮನೆ ಜರುಗಿಸುತ್ತಾ ಓದಿದಳು. 'ಹಸು ಹುಲ್ಲು ತಿಂದು ಹೊಳೆಗೆ ಹೋಗುತ್ತದೆ.'

"ಹೊಳೆ ಎಲ್ಲಿ ಉಂಟು ಇದರಲ್ಲಿ? ತೋರಿಸು," ಎಂದೆ.

ಅವಳ ಬೆರಳು ಪುಟದ ಮೇಲೆ ಅಲ್ಲಿ ಇಲ್ಲಿ ತಡಕಿತು.

"ಯಾರು ಹೇಳಿಕೊಟ್ಟದ್ದು?"

"ನೀವೇ," ಎಂದಳು ಮೆಲ್ಲಗೆ.

ಆ ಮಗು ಪುಸ್ತಕದ ಪಾಠಗಳನ್ನೆಲ್ಲ ಬರೀ ಕಿವಿಯಿಂದ ಕಲಿತು ಇಟ್ಟುಕೊಂಡಿತ್ತು. ಅದಕ್ಕೆ ಎಷ್ಟು ಕಷ್ಟಪಟ್ಟಿರಬೇಕು ಎಂದು ನನಗೆ ಹೊಳೆಯಬೇಕಿತ್ತು. ನನಗೆ ಹೊಳೆದದ್ದು 'ಮೋಸ' ಎಂಬ ಒಂದು ಶಬ್ದ. ಒಳಗಿನಿಂದ ತಾಯಿ ಹೇಳಿಕೊಡುತ್ತಿರಬೇಕು, ಸನ್ನೆ ಮಾಡುತ್ತಿರಬೇಕು ಎಂದು ಹೊಸದೊಂದು ಸಂಶಯವೂ ಅದರ ಬೆನ್ನಿಗೆ ಬಂತು.

ಈ ನಡುವೆ ಗೋಡೆಯ ವಿಷಯ ಆಯಿತು.

ದೀಪಾವಳಿಗೆ ಮನೆಗೆಲ್ಲ ಸುಣ್ಣ ಬಳಿದಿದ್ದರು. ಹಬ್ಬ ಕಳೆದು ಹದಿನೈದು ದಿನ ಆಗಿರಬಹುದು. ಬೆಳಿಗ್ಗೆ ನಾನು ಅಂಗಳಕ್ಕೆ ಕಾಲಿಡುವಾಗ ಹಿತ್ತಿಲ ಕಡೆಯಿಂದ ಅಜ್ಜಿಯ ಧ್ವನಿ ಕೇಳಿಸಿತು. ಅಜ್ಜಿ ಎಂದರೆ ಯಜಮಾನರ ತಾಯಿ, ಆ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಅವರಿಗೆ. ಬಚ್ಚಲುಕೊಟ್ಟಿಗೆಯ ಹಿಂದಿನ ಗೋಡೆಯ ಮುಂದೆ ಅವರೂ ಯಜಮಾನರೂ ನಿಂತಿದ್ದರು. ಬಿಳಿ ಸುಣ್ಣದ ಮೇಲೆ, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಬಚ್ಚಲ ಒಲೆಯ ಮಸಿಯಿಂದ ಗೀಚಿದ ಆರೇಳು ಸಾಲು.

"ಕನ್ನಡದ ಹಾಗೆ ಉಂಟು. ಆದ್ರೆ ಕನ್ನಡ ಅಲ್ಲ," ಎಂದರು ಯಜಮಾನರು.

ನಿಜವಾಗಿಯೂ ಹಾಗೇ ಇತ್ತು. ಪ್ರತಿ ಆಕಾರದ ಪಕ್ಕದಲ್ಲಿ ಅದರದೇ ಜೋಡಿ, ಒಂದಕ್ಕೊಂದು ಮುಖ ಮಾಡಿ ನಿಂತದ್ದು. ಅಲ್ಲಲ್ಲಿ ಒಂದರ ಮೇಲೆ ಅಡ್ಡಗೆರೆ. ಕೆಲವು ಕಡೆ ಬೆರಳಿನಿಂದ ತಿಕ್ಕಿ ಮಸಿ ಹರಡಿತ್ತು.

"ನೀವು ಭಟ್ರ ಮಗ ಅಲ್ವಾ," ಎಂದರು ಅಜ್ಜಿ. "ಇದು ಎಂತ ಮಂತ್ರ, ಓದಿ ನೋಡಿ."

ತಂದೆಯ ಓಲೆಗರಿಗಳಲ್ಲಿದ್ದ ತುಳುಲಿಪಿ ನನಗೆ ಅಷ್ಟಿಷ್ಟು ಗೊತ್ತಿತ್ತು. ಇದು ಅದಲ್ಲ. ಗೊತ್ತಿಲ್ಲ ಎಂದು ಹೇಳಿ ಬಿಡಬಹುದಿತ್ತು. ಆದರೆ ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ಮನೆಯಲ್ಲಿ ಅಷ್ಟು ಗೌರವದಿಂದ ನನ್ನನ್ನು ಯಾರೂ ಅದುವರೆಗೆ ನೋಡಿರಲಿಲ್ಲ.

"ಯಂತ್ರದ ಹಾಗೆ ಕಾಣ್ತದೆ," ಎಂದೆ. "ಸರಿಯಾಗಿ ಹೇಳ್ಲಿಕ್ಕೆ ಆಗುವುದಿಲ್ಲ."

ಎರಡನೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಯಂತ್ರ ಎಂದದ್ದೇ ಸಾಕಾಯಿತು.

ಆ ಮನೆಗೆ ವಾರಕ್ಕೆ ಮೂರು ದಿನ ಭತ್ತ ಕುಟ್ಟಲು ಒಬ್ಬ ಹೆಂಗಸು ಬರುತ್ತಿದ್ದಳು. ನಲವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಹಿತ್ತಿಲಲ್ಲಿ ಒನಕೆ ಹಿಡಿದು ಕುಟ್ಟುವಾಗ ಮಗು ಅವಳ ಹತ್ತಿರ ಹೋಗಿ ಕೂತಿರುತ್ತಿತ್ತು. ಹಬ್ಬದ ಮೊದಲು ತೌಡಿನ ವಿಷಯದಲ್ಲಿ ಅವಳಿಗೂ ಅಜ್ಜಿಗೂ ಮಾತಿಗೆ ಮಾತು ಬೆಳೆದಿತ್ತು. ತೌಡು ಅವಳು ತೆಗೆದುಕೊಂಡು ಹೋಗುವುದು ಕ್ರಮ, ಅದರಲ್ಲಿ ನುಚ್ಚು ಸೇರಿಸಿ ಒಯ್ಯುತ್ತಾಳೆ ಎಂದು ಅಜ್ಜಿಯ ಗುಮಾನಿ.

"ಹಿತ್ತಿಲ ಕಡೆ ಹೋಗುವವರು ಬೇರೆ ಯಾರು?" ಎಂದರು ಅಜ್ಜಿ.

"ಅವಳಿಗೆ ಅಕ್ಷರ ಬರುವುದಿಲ್ಲ ಅಮ್ಮ," ಎಂದರು ಯಜಮಾನರು.

"ಮಾಟ ಮಾಡಿಸುವವಳಿಗೆ ಅಕ್ಷರ ಯಾಕೆ? ಬರೆಯುವವರು ಬೇರೆ ಇರ್ತಾರೆ. ಈ ಮಗುವಿನ ಬುದ್ಧಿ ತಿರುಗಿದ್ದು ಯಾವುದರಿಂದ ಅಂತ ನನಗೆ ಈಗ ಗೊತ್ತಾಯ್ತು."

ಆ ದಿನ ಅವಳು ಅಕ್ಕಿ ಕೇರುವ ಗೆರಸೆ ಹಿಡಿದುಕೊಂಡು ಬಂದಾಗ ಅಜ್ಜಿ ಅಂಗಳದಲ್ಲೇ ತಡೆದರು. ಗೋಡೆ ತೋರಿಸಿ ಕೇಳಿದರು. ಆ ಹೆಂಗಸು ಗೋಡೆಯನ್ನು ನೋಡಿದಳು. ಆಮೇಲೆ ತಾಯಿಯ ಸೆರಗಿನ ಮರೆಯಲ್ಲಿ ನಿಂತಿದ್ದ ಮಗುವಿನ ಕಡೆಗೆ ಒಂದು ಸಲ, ಒಂದೇ ಸಲ, ದೃಷ್ಟಿಯಿಟ್ಟು ನೋಡಿದಳು. ನೋಡು, ಹೇಗೆ ಕಣ್ಣು ಹಾಕುತ್ತಾಳೆ ಎಂದುಕೊಂಡೆ.

"ಆಯ್ತು ಅಮ್ಮ. ನಾನು ಇನ್ನು ಬರುವುದಿಲ್ಲ," ಎಂದು ಹೇಳಿ ಬಂದ ದಾರಿಯಲ್ಲೇ ಹೋದಳು. ಏನೂ ವಾದಿಸದೆ ಹೋದದ್ದೇ ಅವಳ ತಪ್ಪಿಗೆ ಸಾಕ್ಷಿ ಎಂದು ಅಜ್ಜಿ ಹೇಳಿದರು. ನನಗೂ ಹಾಗೇ ತೋರಿತು. ಮಂತ್ರವಾದಿಗೆ ಹೇಳಿ ಕಳಿಸಿ, ಅವನು ಬರುವ ತನಕ ಗೋಡೆಗೆ ತೆಂಗಿನ ಮಡಲು ಅಡ್ಡ ಕಟ್ಟಿದರು.

ಮಗು ಎರಡು ದಿನ ಬಾಯಿ ಬಿಡಲಿಲ್ಲ. ಊಟವೂ ಸರಿ ಇಲ್ಲ ಎಂದರು. ಮಾಟ ಹತ್ತಿದೆ ಎಂದು ಅಜ್ಜಿ, ಹೆದರಿದೆ ಎಂದು ತಾಯಿ. ಮೂರನೆಯ ದಿನ ಪಾಠಕ್ಕೆ ಬಂದು ಕೂತಿತು. ನನ್ನ ತಲೆಯಲ್ಲಿ ಇನ್ನೂ ಒಳಗಿನ ಸನ್ನೆಯ ಸಂಶಯ ಇತ್ತು. ಅವತ್ತು ಅದನ್ನು ಹಿಡಿಯುವುದೆಂದು, ಹತ್ತು ಶಬ್ದ ಹೇಳುತ್ತೇನೆ ಬರೆ ಎಂದು ಮಗುವಿಗೆ ಬೆನ್ನು ಹಾಕಿ, ಒಳಬಾಗಿಲಿಗೆ ಮುಖ ಮಾಡಿ ಕೂತೆ.

ಬಾಗಿಲಿಗೆ ಯಾರೂ ಬರಲಿಲ್ಲ. ಹಿಂದಿನಿಂದ ಸ್ಲೇಟಿನ ಮೇಲೆ ಕಡ್ಡಿಯ ಸದ್ದು ಮಾತ್ರ ಕೇಳುತ್ತಿತ್ತು. ಕೇಳುತ್ತಾ ಕೇಳುತ್ತಾ ಒಂದು ವಿಷಯ ಗಮನಕ್ಕೆ ಬಂತು. ನಾನು ಎರಡು ಅಕ್ಷರದ ಶಬ್ದ ಹೇಳಿದರೆ ಕಡ್ಡಿ ನಾಲ್ಕು ಅಕ್ಷರದಷ್ಟು ಓಡುತ್ತಿತ್ತು. ಥಟ್ಟನೆ ತಿರುಗಿದೆ. ಅವಳಿಗೆ ಒರಸಲು ಸಮಯ ಸಿಗಲಿಲ್ಲ.

ಸ್ಲೇಟಿನ ತುಂಬ ಜೋಡಿ ಅಕ್ಷರಗಳು. ಒಂದು ಈ ಕಡೆಗೆ, ಒಂದು ಆ ಕಡೆಗೆ, ಮುಖಾಮುಖಿ.

"ಇದು ಎಂತ, ಎರಡೆರಡು?"

ಅವಳು ನನ್ನ ಮುಖ ನೋಡಿದಳು. ನಾನು ಸಿಟ್ಟು ಮಾಡಲಿಲ್ಲ ಎಂದು ಖಾತ್ರಿಯಾದ ಮೇಲೆ ಹೇಳಿದಳು, "ಒಂದಾದ್ರೂ ಸರಿ ಇರ್ತದಲ್ಲ."

"ಮತ್ತೆ ಯಾವುದನ್ನು ಒರಸ್ತಿ?"

"ನೀವು ಕಣ್ಣು ಸಣ್ಣ ಮಾಡಿದ್ರೆ ಅದನ್ನು ಒರಸ್ತೇನೆ."

ನಾನು ಕಣ್ಣು ಸಣ್ಣ ಮಾಡುತ್ತೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳು ಬರೆಯುವಾಗ ನನ್ನ ಮುಖ ನೋಡುತ್ತಿದ್ದದ್ದು ಅದಕ್ಕೆ. ಒಂದನ್ನು ಒರಸಿಯೇ ಸ್ಲೇಟು ತೋರಿಸುತ್ತಿದ್ದ ಕಾರಣ ಜೋಡಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಹುಬ್ಬು, ನನ್ನ ತುಟಿ, ನಾನು ಉಸಿರು ಬಿಡುವ ರೀತಿ, ಇವುಗಳನ್ನು ಅವಳು ಪುಸ್ತಕಕ್ಕಿಂತ ಚೆನ್ನಾಗಿ ಓದುತ್ತಿದ್ದಳು. ನಾನು ಎದುರಿಗೆ ನೆಟ್ಟಗೆ ಕೂತ ದಿನ ಅಕ್ಷರ ಸರಿಯಾಗುತ್ತಿತ್ತು, ಬೇರೆಲ್ಲೋ ನೋಡುತ್ತಿದ್ದ ದಿನ ತಿರುಗುತ್ತಿತ್ತು. ಬಾಗಿಲ ಸಂದಿಯಲ್ಲಿ ಅಡಗಿದ ದಿನಗಳಲ್ಲಿ ಎಲ್ಲವೂ ತಪ್ಪಾಗಿದ್ದದ್ದು ಯಾಕೆ ಎಂದು ಈಗ ತಿಳಿಯಿತು.

ಆಮೇಲೆ ಗೋಡೆ ನೆನಪಾಯಿತು.

"ಬಚ್ಚಲಿನ ಹಿಂದೆ ಬರೆದದ್ದು ನೀನಾ?"

ಅವಳು ಒಳಬಾಗಿಲ ಕಡೆಗೆ ನೋಡಿ ಹೌದು ಎಂದು ತಲೆಯಾಡಿಸಿದಳು. "ಅಲ್ಲಿ ಯಾರೂ ಬರುವುದಿಲ್ಲ. ಮಸಿ ಉಂಟು."

"ಯಾಕೆ ಬರೆದದ್ದು?"

"ಕಲೀಲಿಕ್ಕೆ."

ಪಾಠ ಮುಗಿದ ಮೇಲೆ ಬಚ್ಚಲಿನ ಹಿಂದೆ ಹೋಗಿ ಮಡಲು ಸರಿಸಿ ನೋಡಿದೆ. ಈಗ ಓದಲು ಬಂತು. ಪ್ರತಿ ಜೋಡಿಯಲ್ಲಿ ಒಂದು ಸರಿಯಾದ ಅಕ್ಷರ ಇತ್ತು. ಕೊನೆಯ ಸಾಲು, ಗೋಡೆಯ ಬರಹ ಎಲ್ಲರ ಕಣ್ಣಿಗೆ ಬಿದ್ದ ಹಿಂದಿನ ದಿನ ನಾನೇ ಹೇಳಿ ಬರೆಸಿದ ಶಬ್ದಗಳು. ಅಡ್ಡಗೆರೆ ಹಾಕಿದ್ದು, ಪುಸ್ತಕ ನೋಡಿ ತಪ್ಪು ಎಂದು ಅವಳು ತಾನೇ ತೀರ್ಮಾನಿಸಿದ್ದಕ್ಕೆ. ಅಡ್ಡಗೆರೆಗಳಲ್ಲೂ ಅರ್ಧ ತಪ್ಪಿದ್ದವು.

ಅವತ್ತೇ ಹೇಳಬೇಕಿತ್ತು. ನಾನು ಆರು ದಿನ ಹೇಳಲಿಲ್ಲ. ಹೇಳಿದರೆ ಮಗುವಿಗೆ ಮತ್ತೆ ಪೆಟ್ಟು ಬಿದ್ದೀತು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ನಿಜವಾದ ಕಾರಣ ಬೇರೆ ಇತ್ತು. 'ಬೇಕಂತಲೇ' ಎಂದವನು ನಾನು, 'ಯಂತ್ರ' ಎಂದವನೂ ನಾನು. ಆರನೆಯ ದಿನ ಬೊಂಡ ತಂದಿಟ್ಟ ಮಗುವಿನ ತಾಯಿ ತಾವಾಗಿಯೇ ಹೇಳಿದರು, "ಆಚೆ ಮನೆಯವರೂ ಅವಳನ್ನು ಬರಬೇಡ ಅಂದರಂತೆ. ನಮ್ಮದಲ್ಲದೆ ಮೂರು ಮನೆ ಹೋಯ್ತು ಅವಳಿಗೆ." ಆ ಧ್ವನಿಯಲ್ಲಿ ನೆಮ್ಮದಿ ಇರಲಿಲ್ಲ. ಅವರಿಗೂ ಏನೋ ಅನುಮಾನ ಇತ್ತು ಎಂದು ಕಾಣುತ್ತದೆ.

ಸಂಜೆ ಯಜಮಾನರು ಬಂದರಿನಿಂದ ಬರುವ ತನಕ ಕಾದು ಕೂತು ಎಲ್ಲ ಹೇಳಿದೆ. ಅವರು ಚಾವಡಿಯ ಕಂಬಕ್ಕೆ ಒರಗಿ ಕೇಳಿದರು.

"ನೀವೇ ಹೇಳಿದ್ದಲ್ವಾ ಬೇಕಂತಲೇ ಮಾಡ್ತಾಳೆ ಅಂತ?"

"ಹೌದು."

"ನೀವೇ ಹೇಳಿದ್ದಲ್ವಾ ಯಂತ್ರ ಅಂತ? ಈಗ ಮೂರನೆಯದು ಒಂದು ಹೇಳ್ತೀರಿ. ಯಾವುದನ್ನು ನಂಬುವುದು ಮಾರಾಯ್ರೆ?"

"ಮೊದಲಿನ ಎರಡು ನಾನು ಊಹೆಯಲ್ಲಿ ಹೇಳಿದ್ದು. ಇದು ಕಣ್ಣಲ್ಲಿ ಕಂಡದ್ದು. ನೀವೂ ನೋಡಬಹುದು."

ಎಲ್ಲರೂ ಹಿತ್ತಿಲಿಗೆ ಹೋದೆವು. ಮಗುವಿನ ಕೈಗೆ ಮಸಿ ಕೊಟ್ಟು ಗೋಡೆಯ ಎದುರು ನಿಲ್ಲಿಸಿದೆ. ಯಾರ ಮುಖವೂ ಅವಳಿಗೆ ಕಾಣದ ಹಾಗೆ ಎಲ್ಲರನ್ನೂ ಅವಳ ಹಿಂದೆ ನಿಲ್ಲಿಸಿದೆ. ಯಜಮಾನರೇ ಶಬ್ದ ಹೇಳಲಿ ಎಂದೆ. ಅವರು 'ಮರ' ಎಂದರು, 'ದಾರ' ಎಂದರು, ಇಪ್ಪತ್ತಾರು ಎಂದರು. ಹಳೆಯ ಸಾಲುಗಳ ಕೆಳಗೆ ಹೊಸ ಸಾಲು ಮೂಡಿತು, ಅದೇ ಎತ್ತರ, ಅದೇ ಜೋಡಿಗಳು. ಬರೆದು ಮುಗಿಸಿ ಅಭ್ಯಾಸಬಲದಿಂದ ಹಿಂದೆ ತಿರುಗಿ ನಮ್ಮ ಮುಖಗಳನ್ನು ನೋಡಿದಳು, ಯಾವುದನ್ನು ಒರಸಬೇಕೆಂದು ತಿಳಿಯಲು.

ಯಜಮಾನರು ಬಗ್ಗಿ ಎರಡು ಸಾಲುಗಳನ್ನೂ ಹೋಲಿಸಿ ನೋಡಿದರು. ತಾಯಿ ಬಂದು ಮಗುವಿನ ಕೈಯನ್ನು ತಮ್ಮ ಸೀರೆಯ ಸೆರಗಿನಲ್ಲೇ ಒರಸಿದರು. ಮಸಿಯ ಕಲೆ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ.

"ಬರೆದದ್ದು ಮಗುವೇ ಇರಬಹುದು," ಎಂದರು ಅಜ್ಜಿ. "ಅದರ ಕೈಯಲ್ಲಿ ಬರೆಸಿದ್ದು ಯಾರು, ಅದನ್ನು ಕೇಳಿದ್ದೀರಾ?"

"ಮಂತ್ರವಾದಿ ಬರುವುದು ಬೇಡ ಅಂತ ನಾನು ಹೇಳಿ ಕಳಿಸ್ತೇನೆ. ನೀವೇ ಹೋಗಿ ಆ ಹೆಂಗಸನ್ನು ಕರ್ಕೊಂಡು ಬನ್ನಿ," ಎಂದು ಯಜಮಾನರು ನನಗೆ ಹೇಳಿದರು.

ಮರುದಿನ ಗದ್ದೆಯ ಬದುವಿನ ಮೇಲೆ ನಡೆದು ಅವಳ ಮನೆಗೆ ಹೋದೆ. ತೆಂಗಿನ ಮಡಲು ಹೆಣೆದು ಹೊದೆಸಿದ ಮಾಡು, ಸೆಗಣಿ ಸಾರಿಸಿದ ಜಗುಲಿ. ಅವಳು ಹುರಿ ಹೊಸೆಯುತ್ತಾ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಮುಖದಲ್ಲಿ ಮತ್ತೇನು ಆರೋಪ ಹೊತ್ತು ತಂದಿದ್ದೀಯ ಎಂಬ ಪ್ರಶ್ನೆ ಇತ್ತು. ಗೋಡೆಯ ಮೇಲೆ ಬರೆದದ್ದು ಮಗು ಎಂದು ಗೊತ್ತಾಯಿತು ಎಂದೆ.

"ನನಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತಾ?"

"ನಾನು ಕುಟ್ಟುವಾಗ ಹಿಂದೆ ಹೋಗಿ ಬರೆಯುತ್ತಿತ್ತು. ಕೈ ಮಸಿ ಆದ್ರೆ ನಾನೇ ತೊಳೆದು ಕಳಿಸುವುದು."

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ?"

ಅವಳು ಹುರಿಯನ್ನು ಕೆಳಗಿಟ್ಟಳು. "ಹೇಳಿದ್ರೆ ಅದಕ್ಕೆ ಪೆಟ್ಟು. ಕಾಲು ನೋಡಿದ್ದೀರಲ್ಲ ನೀವು. ಮತ್ತೆ, ನಾನು ಹೇಳಿದ್ರೆ ನಂಬುವವರು ಯಾರು? ನನ್ನ ತಪ್ಪನ್ನು ಮಗುವಿನ ತಲೆಗೆ ಕಟ್ಟಿದೆ ಅಂತ ಆಗ್ತಿತ್ತು. ಅಷ್ಟೇ ಅಲ್ವಾ?"

ಅವಳು ಮಗುವನ್ನು ನೋಡಿದ ಆ ನೋಟ ನನ್ನ ಕಣ್ಣ ಮುಂದೆ ಬಂತು. ಹೇಳುವುದಿಲ್ಲ, ಹೆದರಬೇಡ ಎಂದು ಅವಳು ಹೇಳಿದ್ದು. ನಾನು ಅದನ್ನು ಕೆಟ್ಟ ಕಣ್ಣು ಎಂದುಕೊಂಡಿದ್ದೆ. ತಪ್ಪಾಯಿತು ಎಂದು ಹೇಳಲು ಹೊರಟೆ. ದೊಡ್ಡವರೆನಿಸಿಕೊಂಡವರು ಅಂಥವರ ಮುಂದೆ ಹಾಗೆ ಹೇಳುವ ಕ್ರಮ ಆ ಕಾಲದಲ್ಲಿ ಇರಲಿಲ್ಲ, ನನ್ನ ನಾಲಿಗೆ ಸರಿಯಾಗಿ ಹೊರಳಲಿಲ್ಲ. ಏನೋ ತೊದಲಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ.

"ಬರ್ತೇನೆ," ಎಂದಳು ಕೊನೆಗೆ. "ಆದ್ರೆ ಅಮ್ಮ ಆಚೆ ಮನೆಗಳಿಗೆ ಹೇಳಿ ಕಳಿಸ್ಬೇಕು, ನನ್ನದು ಏನೂ ಇಲ್ಲ ಅಂತ. ಆಮೇಲೆ ಬರ್ತೇನೆ."

ಅಜ್ಜಿ ಹೇಳಿ ಕಳಿಸಲು ಒಪ್ಪಲಿಲ್ಲ. ಕೊನೆಗೆ ಯಜಮಾನರೇ ಆ ಮನೆಗಳಿಗೆ ಹೋಗಿ ಹೇಳಿ ಬಂದರು. ಅವಳು ಮತ್ತೆ ಹಿತ್ತಿಲಿಗೆ ಕುಟ್ಟಲು ಬಂದಳು. ಎರಡು ಮನೆಯವರು ಅವಳನ್ನು ಮತ್ತೆ ಕರೆದರು. ಮೂರನೆಯವರು, ಬೆಂಕಿ ಇಲ್ಲದೆ ಹೊಗೆ ಬರುತ್ತದೆಯೇ ಎಂದು ಕರೆಯಲೇ ಇಲ್ಲ.

ಪಾಠವನ್ನು ನಾನು ಹೊಸದಾಗಿ ಶುರು ಮಾಡಿದೆ. ಇಂಥ ಮಗುವಿಗೆ ಹೇಗೆ ಕಲಿಸುವುದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಂಥ ಮಕ್ಕಳು ಇರುತ್ತಾರೆ ಎಂಬುದೇ ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಮೊದಲು ಅವಳ ಎದುರು ಕೂರುವುದನ್ನು ಬಿಟ್ಟು ಹಿಂದೆ ಕೂತೆ. ನನ್ನ ಮುಖ ಕಾಣದೆ ಒಂದು ವಾರ ಅವಳು ಅತ್ತಳು, ಕಡ್ಡಿ ಹಿಡಿಯಲಿಲ್ಲ. ಆಮೇಲೆ ಗೆರಸೆಯಲ್ಲಿ ಮರಳು ಹರಡಿ, ಬೆರಳಿನಿಂದ ಒಂದೇ ಅಕ್ಷರವನ್ನು ದೊಡ್ಡದಾಗಿ ತಿದ್ದಿಸಿದೆ. ಒಂದು ವಾರಕ್ಕೆ ಒಂದೇ ಅಕ್ಷರ. ಕಣ್ಣು ಮುಚ್ಚಿ ತಿದ್ದಲು ಹೇಳಿದರೆ ಕೈ ತಪ್ಪುತ್ತಿರಲಿಲ್ಲ, ಕಣ್ಣು ತೆರೆದರೆ ತಪ್ಪುತ್ತಿತ್ತು. ಇದು ನನಗೆ ಇವತ್ತಿಗೂ ಆಶ್ಚರ್ಯ.

ಸಾಲು ಯಾವ ಕಡೆಯಿಂದ ಶುರು ಎಂದು ಅವಳಿಗೆ ನೆನಪಿರುತ್ತಿರಲಿಲ್ಲ. ಎಡಗೈಗೆ ಒಂದು ಕಪ್ಪು ದಾರ ಕಟ್ಟಿಸಿದೆ. ದಾರದ ಕೈಯ ಕಡೆಯಿಂದ ಹೊರಡಬೇಕು, ಬರೀ ಕೈಯ ಕಡೆಗೆ ಹೋಗಬೇಕು. ಆ ದಾರವನ್ನು ನೋಡಿ ಅಜ್ಜಿ ಮೊದಲ ಸಲ ನನ್ನನ್ನು ಮೆಚ್ಚಿದರು. ಮಾಟಕ್ಕೆ ಮದ್ದು ಮಾಡಿದ್ದೇನೆ, ಬಾಯಿಬಿಟ್ಟು ಹೇಳುವುದಿಲ್ಲ ಎಂದು ಅವರು ತಿಳಿದುಕೊಂಡಿದ್ದರು. ನಾನು ತಿದ್ದಲು ಹೋಗಲಿಲ್ಲ.

ಅವಳು ಮೆಲ್ಲಗೆ ಕಲಿತಳು. ತುಂಬ ಮೆಲ್ಲಗೆ. ನನ್ನ ತಾಳ್ಮೆ ಎಷ್ಟೋ ಸಲ ತಪ್ಪಿತು. ಹಿಂದೆ ಕೂತಿದ್ದರೂ ನನ್ನ ಉಸಿರಿನಲ್ಲೇ ಅದನ್ನು ತಿಳಿದು ಅವಳು ಕೈ ನಿಲ್ಲಿಸುತ್ತಿದ್ದಳು. ಸುಮಾರು ಒಂದೂವರೆ ವರ್ಷವಾದ ಮೇಲೆ ಒಂದು ಆದಿತ್ಯವಾರ ಯಜಮಾನರು ಕೈಯಲ್ಲಿ ಪೇಪರು ಹಿಡಿದು ಚಾವಡಿಗೆ ಬಂದರು.

"ಪುಸ್ತಕ ಬೇಡ. ಇದನ್ನು ಓದು," ಎಂದು ಒಂದು ಸಾಲು ತೋರಿಸಿದರು.

ಅವಳು ದಾರದ ಕೈಯನ್ನು ಒಮ್ಮೆ ನೋಡಿಕೊಂಡಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ತಡೆದು, ಹಿಂದೆ ಹೋಗಿ, ಮತ್ತೆ ಓದಿದಳು. ಬಂದರಿನಲ್ಲಿ ಒಂದು ಹಡಗು ತಡವಾಗಿ ಹೊರಟ ಸುದ್ದಿ. ಐದು ನಿಮಿಷ ಹಿಡಿಯಿತು. ಯಜಮಾನರು ಪೇಪರನ್ನು ತಿರುಗಿಸಿ ಹಿಂದಿನ ಪುಟದ ಕೆಳಗೆ, ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ತೋರಿಸಿದರು. ಅದನ್ನೂ ಓದಿದಳು, ಒಂದು ಶಬ್ದ ತಪ್ಪಿ, ತಾನೇ ತಿದ್ದಿಕೊಂಡು.

ಅವರು ನನ್ನ ಕಡೆಗೆ ನೋಡಿದರು. "ಇದನ್ನು ನೀವು ಮೊದಲೇ ಬಾಯಿಪಾಠ ಮಾಡಿಸಿದ್ದಲ್ವಲ್ಲ?"

"ಪೇಪರು ತಂದದ್ದು ನೀವು," ಎಂದೆ.

ಅವರು ನಕ್ಕರು. ಆ ಮನೆಯಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಂಶಯ ಪೂರಾ ಹೋಯಿತೆಂದು ಹೇಳಲಾರೆ. ಮುಂದಿನ ಆದಿತ್ಯವಾರವೂ ಬೇರೆ ಪೇಪರು ಹಿಡಿದು ಬಂದರು.

ಆ ವರ್ಷ ನನಗೆ ಟ್ರೈನಿಂಗಿನ ಸೀಟು ಸಿಕ್ಕಿತು. ಮಗು ಮತ್ತೆ ಶಾಲೆಗೆ ಸೇರಿತು. ನಾನು ಹೊರಡುವ ದಿನ ಅವಳು ಅಳಲಿಲ್ಲ, ನಮಸ್ಕಾರ ಮಾಡಿ ಒಳಗೆ ಓಡಿದಳು. ಆಮೇಲೆ ನಾನು ಬೇರೆ ಬೇರೆ ಶಾಲೆಗಳಲ್ಲಿ ಕೆಲಸ ಮಾಡಿದೆ. ತಿರುಗಿಸಿ ಬರೆಯುವ ಮಕ್ಕಳು ಮೂರು ನಾಲ್ಕು ಜನ ಸಿಕ್ಕಿದರು. ಪ್ರತಿ ಸಲವೂ ನನ್ನ ಮನಸ್ಸಿಗೆ ಮೊದಲು ಬಂದದ್ದು 'ಬೇಕಂತಲೇ' ಎಂಬ ಅದೇ ಮಾತು. ಅದನ್ನು ನುಂಗಿಕೊಳ್ಳಲು ಮಾತ್ರ ಕಲಿತಿದ್ದೆ.

ಯುದ್ಧದ ಕಾಲದಲ್ಲಿ ಅಕ್ಕಿಗೆ ರೇಷನ್ ಬಂದಾಗ ಪೇಟೆಯ ಒಂದು ಅಂಗಡಿಯ ಮುಂದೆ ನಾನು ಸಾಲಿನಲ್ಲಿ ನಿಂತಿದ್ದೆ. ಮುಂದೆ ಒಬ್ಬಳು ಹುಡುಗಿ, ಹದಿನೆಂಟು ವರ್ಷ ಇರಬಹುದು, ಕಾರ್ಡಿನಲ್ಲಿ ಬರೆದ ಅಂಕೆಯ ಕೆಳಗೆ ಬೆರಳಿಟ್ಟು ಎರಡೆರಡು ಸಲ ಓದಿಕೊಳ್ಳುತ್ತಿದ್ದಳು. ಹಿಂದಿನವರು ಗೊಣಗುತ್ತಿದ್ದರು.

"ಎಂತ, ನಾನು ಮೋಸ ಮಾಡ್ತೇನೆ ಅಂತ ಎಣಿಸಿದ್ದಾ?" ಎಂದು ಅಂಗಡಿಯವನು ಕೇಳಿದ.

"ಇಲ್ಲ ಅಣ್ಣ. ನಾನು ಓದಿದ್ದು ಸರಿ ಉಂಟಾ ಅಂತ ನೋಡುವುದು," ಎಂದಳು. ನಾಚಿಕೆಯಾಗಲಿ ಸಿಟ್ಟಾಗಲಿ ಇರಲಿಲ್ಲ. ಓದಿ ಮುಗಿಸಿ, ಅಕ್ಕಿ ಅಳೆಸಿಕೊಂಡು ತಿರುಗಿದಾಗ ನನ್ನನ್ನು ನೋಡಿ ಗುರುತು ಹಿಡಿದಳು. ಅಜ್ಜಿ ತೀರಿಹೋದರು, ಮಾವನಿಗೆ ಸಂಧಿವಾತ, ತಾನು ಐದನೇ ಕ್ಲಾಸಿನವರೆಗೆ ಓದಿದೆ, ಮನೆಯ ಪತ್ರಗಳನ್ನೆಲ್ಲ ಈಗ ತಾನೇ ಬರೆಯುವುದು ಎಂದಳು. ಭತ್ತ ಕುಟ್ಟುವ ಹೆಂಗಸಿನ ವಿಷಯ ಕೇಳಿದೆ. ಅವಳ ಕೈ ಸೋತಿದೆ, ಈಗ ತಮ್ಮ ಮನೆಯಲ್ಲೇ ಇದ್ದಾಳೆ, ಸಂಜೆ ಪೇಪರು ಓದಿ ಹೇಳಿದರೆ ಕೇಳುತ್ತಾ ಕೂರುತ್ತಾಳೆ ಎಂದಳು.

"ನಾನು ತಪ್ಪಿ ಓದಿದ್ರೂ ಅವಳಿಗೆ ಗೊತ್ತಾಗುವುದಿಲ್ಲ ಮಾಷ್ಟ್ರೆ," ಎಂದು ನಗುತ್ತಾ ಅಕ್ಕಿಯ ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು. ಸಾಲು ಮುಂದೆ ಸರಿಯಿತು. ನಾನು ನನ್ನ ಕಾರ್ಡನ್ನು ತೆಗೆದು ಅಂಗಡಿಯವನ ಕೈಗೆ ಕೊಟ್ಟೆ.